ಒರೆಸುವ ಬಟ್ಟೆ ಕೆಳಗಿಟ್ಟ ದಿನ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ ಮಗಳೇ? ಹಡಗಿನ ಅಡುಗೆಮನೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಇಳಿಯಿತೇ? ಹತ್ತಿಬಟ್ಟೆಯನ್ನೇ ತೊಡು. ಅಷ್ಟು ಜನಕ್ಕೆ ಬಡಿಸಿ ನೀನು ನಿಂತುಕೊಂಡೇ ಎರಡು ತುತ್ತು ನುಂಗುವವಳು ಎಂದು ನನಗೆ ಗೊತ್ತು. ಕೂತು ಉಣ್ಣು, ಸಮುದ್ರವೇನೂ ಓಡಿಹೋಗುವುದಿಲ್ಲ. ನಿನ್ನ ಅಪ್ಪನ ಲಕ್ವ ಹೊಡೆದ ಎಡಗೈ, ಎಡಗಾಲು ಇನ್ನೂ ಹಟ ಬಿಟ್ಟಿಲ್ಲ. ಬಾಯಿ ಮಾತ್ರ ಮೊದಲಿನಂತಾಗಿದೆ. ನಾನು ಮಾಡಿದ ಗಂಜಿಯನ್ನು ನೋಡಿ, "ಇದನ್ನ ಗೋಡೆಗೆ ಬಳಿ, ಚೆನ್ನಾಗಿ ಹಿಡ್ಕೊಳುತ್ತೆ" ಎಂದರು.

ನಿನ್ನ ಕಳೆದ ಪತ್ರವನ್ನು ಅವರಿಗೆ ಓದಿ ಹೇಳಿದೆ. "ಅಪ್ಪನ್ನ ಹಾಸಿಗೆಯಿಂದ ಕುರ್ಚಿಗೆ ಕೂರಿಸೋದು ನಿನ್ನ ಕೈಲಾಗಲ್ಲಮ್ಮ, ಆರೈಕೆಮನೆಯಲ್ಲಿ ಒಂದು ಕೋಣೆ ಹೇಳಿಟ್ಟಿದ್ದೀನಿ, ರಜಕ್ಕೆ ಬಂದ ಕೂಡಲೇ ಸೇರಿಸಿಬಿಡೋಣ" ಎಂಬಲ್ಲಿಗೆ ಬಂದಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಿನ್ನನ್ನು ತಪ್ಪೆನ್ನುವುದಿಲ್ಲ. ಮಲಗಿ ಮಲಗಿ ಅವರ ಬೆನ್ನು ಹುಣ್ಣಾಗಿದೆ, ಎಬ್ಬಿಸಿ ಕೂರಿಸದೆ ಅದು ಮಾಯುವುದಿಲ್ಲ. ಎಬ್ಬಿಸಬೇಕೆಂದರೆ ಪಕ್ಕದ ಮನೆಯ ಬಸ್ ಡ್ರೈವರ್ ಕೆಲಸ ಮುಗಿಸಿ ಬರಬೇಕು. ಮೈದಾ ಮೂಟೆಯನ್ನು ಹೆಗಲಿಗೇರಿಸಿ ಬೇಕರಿಯ ಮೆಟ್ಟಿಲು ಹತ್ತುತ್ತಿದ್ದ ಮನುಷ್ಯ ನಿನ್ನಪ್ಪ. ನಾನೋ, ಜನ್ಮವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ಸವೆದವಳು, ಕತ್ತರಿಗಿಂತ ಭಾರದ್ದೇನನ್ನು ಎತ್ತಿದ್ದೇನೆ? ಅಪ್ಪನಿಗೆ ವ್ಯಾಯಾಮ ಮಾಡಿಸಲು ಬರುವ ಡಾಕ್ಟರಮ್ಮನನ್ನು ಕೇಳಿದೆ. "ಎತ್ತೋ ರೀತಿ ನಾನು ಹೇಳ್ಕೊಡ್ತೀನಿ, ಬಲಾನ ನೀವೇ ತರಬೇಕು. ಜಿಮ್ಮಿಗೆ ಹೋಗಿ" ಎಂದುಬಿಟ್ಟರು.

ಜಿಮ್ಮಿಗೆ, ನಾನು! ನಗಬೇಡ. ಮುಖ್ಯ ರಸ್ತೆಯ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಎದುರಿಗೆ ನಿಂತು ನೋಡಿದರೆ ಗಾಜಿನ ಗೋಡೆಯ ಆಚೆ ಹುಡುಗ ಹುಡುಗಿಯರು ಬೆಲ್ಟಿನ ಮೇಲೆ ಓಡುತ್ತಿರುತ್ತಾರೆ, ಎಲ್ಲಿಗೂ ತಲುಪುವುದಿಲ್ಲ. ಎರಡು ಸಲ ಮೆಟ್ಟಿಲ ತನಕ ಹೋಗಿ, ಕೆಮ್ಮಿನ ಔಷಧಿ ಕೊಂಡು ವಾಪಸು ಬಂದೆ. ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ. ಮೂರನೆಯ ಸಲ ಕಣ್ಣುಮುಚ್ಚಿ ಹತ್ತಿಬಿಟ್ಟೆ. ಕಬ್ಬಿಣ ನೆಲಕ್ಕೆ ಬೀಳುವ ಸದ್ದಿಗೆ ಎರಡು ಹೆಜ್ಜೆ ಹಿಂದೆ ಸರಿದೆ. ನಾಲ್ಕೂ ಕಡೆ ಕನ್ನಡಿ. ಎಲ್ಲಿ ನೋಡಿದರೂ ನಾನೇ, ಬಾಯಿ ಒಣಗಿಸಿಕೊಂಡು ನಿಂತಿದ್ದೇನೆ. ಬಾಗಿಲ ಬಳಿಯ ಮೇಜಿನವನು ತಲೆಯೆತ್ತಿ, "ಕ್ಲೀನಿಂಗಿಗೆ ಬದಲಿ ಬಂದೋರಾ?" ಎಂದ. ಅಲ್ಲ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು "ಹೂಂ". ಬಕೆಟ್ಟು, ಒರೆಸುವ ಬಟ್ಟೆ ಕೈಗೆ ಬಂದವು.

ನಿಜ ಹೇಳುತ್ತೇನೆ ಗುಬ್ಬೀ, ಬಟ್ಟೆ ಕೈಗೆ ಬಂದ ಕೂಡಲೇ ಹೆದರಿಕೆ ಅರ್ಧ ಇಳಿಯಿತು. ಒರೆಸುವವಳನ್ನು ಯಾರು ನೋಡುತ್ತಾರೆ? ಹಾಗೆ ಒಂದು ವಾರ ಒರೆಸಿದೆ. ಯಾವ ಯಂತ್ರ ಏತಕ್ಕೆ, ಯಾರು ಉಸಿರು ಹೇಗೆ ಬಿಡುತ್ತಾರೆ, ಎಲ್ಲ ಓರೆಗಣ್ಣಲ್ಲೇ ಕಲಿತೆ. ಎತ್ತಿದ್ದು ಮಾತ್ರ ಬಕೆಟ್ಟನ್ನೇ. ಮನೆಗೆ ಬಂದರೆ ಅಪ್ಪ ಕೇಳುತ್ತಿದ್ದರು, "ಏನು ಪೈಲ್ವಾನಮ್ಮ, ಇವತ್ತು ಎಷ್ಟು ಎತ್ತಿದೆ?" ಬೆನ್ನು ಒರೆಸುವ ನೆವದಲ್ಲಿ ಮುಖ ತಪ್ಪಿಸುತ್ತಿದ್ದೆ. ಹುಣ್ಣು ಅಗಲವಾಗುತ್ತಲೇ ಇತ್ತು.

ಮರುವಾರದ ಸೋಮವಾರ ಜ್ವರ ಬಿಟ್ಟು ಎದ್ದ ನಿಜವಾದ ಕೆಲಸದಾಕೆ ಬಂದಳು. ನನ್ನ ಕೈಯಲ್ಲಿ ಅವಳ ಬಟ್ಟೆ! ಎಲ್ಲರೆದುರೇ ಶುರುಮಾಡಿದಳು: "ಏನಮ್ಮಾ, ನಾನು ಒಂದು ವಾರ ಮಲಗಿದ್ದಕ್ಕೆ ನನ್ನ ಅನ್ನಕ್ಕೇ ಕೈ ಹಾಕಿದ್ಯಾ? ಮೂರು ಮಕ್ಕಳಿದಾವೆ ನಂಗೆ!" ಕಬ್ಬಿಣದ ಸದ್ದೆಲ್ಲ ನಿಂತಿತು. ಕನ್ನಡಿಯಲ್ಲಿದ್ದವರೂ ತಿರುಗಿ ನೋಡಿದರು. ಓಡಿಹೋಗಲು ಕಾಲು ತವಕಿಸಿತು. ಆದರೆ ಹಾಗೆ ಓಡಿದ್ದರೆ ಅವಳಿಗೆ ನಾನು ಕಳ್ಳಿ, ನಿನ್ನಪ್ಪನಿಗೆ ಆ ಕೋಣೆಯೇ ಗತಿ. ಬಟ್ಟೆಯನ್ನು ಅವಳ ಬಕೆಟ್ಟಿನ ಮೇಲಿಟ್ಟು, "ನಿನ್ನ ಕೆಲಸ ನಿನಗೇ ಇರಲಿ ತಾಯೀ. ನನಗೆ ನನ್ನ ಗಂಡನ್ನ ಎತ್ತಬೇಕು, ಕಲಿಯೋಕ್ಕೆ ಬಂದೆ, ಹೇಳೋಕ್ಕೆ ಹೆದರಿಕೊಂಡೆ" ಎಂದೆ. ಯಾರೋ ಕಿಸಕ್ಕೆಂದರು. ಅವಳು ಸೊಂಟದ ಮೇಲೆ ಕೈಯಿಟ್ಟು ಅತ್ತ ತಿರುಗಿ, "ಯಾರದು ಹಲ್ಲು ಕಿರಿಯೋದು? ನಿಮ್ಮವ್ವ ಹೊರಲಿಲ್ವಾ ನಿಮ್ಮನ್ನ?" ಎಂದಳು. ಆಮೇಲೆ ಕಲಿಸುವ ಮೇಡಂ ಹತ್ತಿರ ನನ್ನನ್ನು ಎಳೆದೊಯ್ದು ನಿಲ್ಲಿಸಿದವಳೂ ಅವಳೇ.

ಮೇಡಂ ಮೊದಲು ಕೊಟ್ಟದ್ದು ಭಾರ ಸಿಕ್ಕಿಸದ ಖಾಲಿ ಕಬ್ಬಿಣದ ಕೋಲು. "ಬೆನ್ನು ಬಗ್ಗಿಸಬೇಡಿ, ಕುಂಡೆ ಹಿಂದಕ್ಕೆ, ಭಾರ ಮೈಗೆ ಅಂಟಿಸ್ಕೊಳಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ತಿಂಗಳ ಮೇಲಾಯಿತು, ಈಗೀಗ ಅವರ ಬಾಯಿ ಅಭ್ಯಾಸವಾಗಿದೆ, ಕೋಲಿನ ಎರಡು ತುದಿಗೂ ತೂಕದ ಬಿಲ್ಲೆಗಳು ಬಂದಿವೆ. ಮೆಟ್ಟಿಲು ಹತ್ತುವಾಗ ಈಗಲೂ ಅಂಗೈ ಬೆವರುತ್ತದೆ. ಸೆರಗಿಗೆ ಒರೆಸಿಕೊಂಡು ಹತ್ತುತ್ತೇನೆ.

ಆರೈಕೆಮನೆಯ ಕೋಣೆಯ ವಿಷಯಕ್ಕೆ ನೀನು ಉತ್ತರ ಕೇಳಿದ್ದೆ. ಅದನ್ನು ಹೇಗೆ ಬರೆಯಲಿ ಎಂದು ತಿಳಿಯದೆ ಇಷ್ಟುದ್ದ ಕೊರೆದೆ. ಮೈ ಕಡೆ ಗಮನವಿರಲಿ. ನಿನ್ನ ಜೊತೆ ಅಡುಗೆ ಮಾಡುವವರಿಗೆಲ್ಲ ನನ್ನ ನೆನಪು ತಿಳಿಸು. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ ಕಂದಾ.

ನಿನ್ನ
ಅಮ್ಮ

ಮರೆತ ಮಾತು: ಮುಚ್ಚಿಡೋಣವೆಂದಿದ್ದೆ, ಅಪ್ಪ ಬಿಡುತ್ತಿಲ್ಲ, "ಬಿದ್ದದ್ದನ್ನೂ ಬರಿ" ಎನ್ನುತ್ತಿದ್ದಾರೆ. ಬೆಳಿಗ್ಗೆ ಒಬ್ಬಳೇ ಎಬ್ಬಿಸಿದೆ. ಎದ್ದು ನಿಂತರು, ಕುರ್ಚಿ ಜಾರಿತು, ಇಬ್ಬರೂ ಮೆತ್ತಗೆ ಕುಸಿದೆವು. ಏಟಾಗಿಲ್ಲ. ಡ್ರೈವರನ್ನು ಕರೆಯಲೇ ಎಂದೆ, ಅವರು ಬೇಡವೆಂದು ತಲೆಯಾಡಿಸಿದರು. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಬಂದು ಅವರನ್ನು ಎದೆಗೆ ಅವುಚಿಕೊಂಡೆ, ಅವರು ಬಲಗಾಲು ಊರಿದರು, ಎತ್ತಿದೆ. ನೆಲದಿಂದ, ಗುಬ್ಬೀ! ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಾರೆ, ಗಂಜಿ ಕೇಳುತ್ತಿದ್ದಾರೆ. ಆ ಕೋಣೆಯನ್ನು ಬೇರೆ ಯಾರಿಗಾದರೂ ಕೊಡಲಿ.