ಮುಗಿಯದ ಪುಸ್ತಕಗಳ ಚಂದಾ

ರೀ,

ಅತ್ತೆಗೆ ಮಾತ್ರೆ ಕೊಟ್ಟಿದ್ದೇನೆ. ಅವರಿಗೆ ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸಿ, ಎಡಸೊಂಟ ಮುಟ್ಟಬೇಡಿ.

ಇ-ಪುಸ್ತಕದ ಚಂದಾ ದಂಡ ಎನ್ನುತ್ತೀರಿ. “ಇಷ್ಟೊಂದು ತೆರೆದಿದ್ದೀಯ, ಒಂದನ್ನೂ ಮುಗಿಸಿಲ್ವಲ್ಲೇ ಮಹರಾಯ್ತಿ!” ಎಂದು ನಿನ್ನೆ ನಕ್ಕಿರಿ. ನಿಮ್ಮ ಲೆಕ್ಕ ಸರಿಯೇ.

ಆದರೆ ನಾನು ಓದುವುದು ಬಚ್ಚಲುಮನೆಯಲ್ಲಿ, ಚಿಲಕ ಹಾಕಿ, ನಲ್ಲಿ ಬಿಟ್ಟುಕೊಂಡು. ನಾಲ್ಕು ಪುಟ ತಿರುಗಿಸುವಷ್ಟರಲ್ಲಿ “ಎಲ್ಲಿ ಹೋಗಿ ಸತ್ತೆಯೇ?” ಎಂದು ಅತ್ತೆ ಕೂಗುತ್ತಾರೆ. ಮತ್ತೆ ಕೂರುವ ಹೊತ್ತಿಗೆ ಕಥೆ ಮರೆತಿರುತ್ತದೆ, ಹೊಸದೊಂದನ್ನು ತೆರೆಯುತ್ತೇನೆ. ಈ ಮನೆಯಿಂದ ನಾನು ಹೊರಗೆ ಹೋಗುವುದು ಅಷ್ಟೇ ದೂರ.

ನಿಮ್ಮ ಸ್ನಾನ ಮುಗಿಯುವ ಮೊದಲೇ ಹೊರಡುತ್ತಿದ್ದೇನೆ, ಸಂಜೆ ಬರುತ್ತೇನೆ. ನನ್ನ ಫೋನು ಮೇಜಿನ ಮೇಲಿದೆ. ಚಂದಾ ರದ್ದು ಮಾಡುವ ಪುಟ ತೆರೆದಿಟ್ಟಿದ್ದೇನೆ. ಸಂಜೆಯವರೆಗೆ ಅತ್ತೆಯ ಪಕ್ಕ ಕೂತು ನೋಡಿ, ಆಮೇಲೆ ಒತ್ತಿ.