ಎಡಗಡೆ ಪೆಟ್ಟಿಗೆಯ ತಂತಿ

ಕಿರ್ಯೂ
ಅಕ್ಟೋಬರ್ 12, ಗುರುವಾರ ಬೆಳಿಗ್ಗೆ

ಕುರಾಮೊಚಿಯವರಿಗೆ,

ಹಗಿವಾರ ಚಿಜುರುವಿನ ನಮಸ್ಕಾರ. ಹಿತ್ತಲಿನ ಕಾಕಿ ಹಣ್ಣು ಕೆಂಪಾಗಿದೆ, ನನ್ನ ಮೊಣಕಾಲು ನೋವು ಹಾಗೇ ಇದೆ, ನಮ್ಮವರ ಮೂಗಿನ ತುದಿಯ ಕೋಪವೂ ಹಾಗೇ ಇದೆ. ಕುಶಲ ಸಮಾಚಾರ ಇಷ್ಟೇ. ಇನ್ನು ಮುಂದಿನದು ತಪ್ಪೊಪ್ಪಿಗೆ. ನಿಂತುಕೊಂಡು ಓದಬೇಡಿ, ಎಲ್ಲಾದರೂ ಕೂತುಕೊಳ್ಳಿ.

ನಿನ್ನೆ ತೋಫು ಅಂಗಡಿಯಲ್ಲಿ ನಿಮ್ಮ ಮನೆಯವರು ಸಿಕ್ಕಿದ್ದರು. ನನ್ನನ್ನು ಕಂಡು ಮುಖ ತಿರುಗಿಸುತ್ತಾರೇನೋ ಅಂದುಕೊಂಡೆ. ಪಾಪ, ಮಿತ್ಸುಯೊ ಅಂಥವರಲ್ಲ. "ಇಪ್ಪತ್ತನೇ ತಾರೀಕು ತಂತಿ ಸುತ್ತೋ ಯಂತ್ರಾನ ಯಾರೋ ಬಂದು ತಗೊಂಡ್ಹೋಗ್ತಾರಂತೆ ಕಣ್ರೀ. ನನ್ ಕೈ ಹೋಯ್ತು, ಇನ್ನು ಮುಟ್ಟಲ್ಲ ಅಂತ ಇವ್ರು ಕೂತ್ಬಿಟ್ಟಿದಾರೆ. ನಾನು ಹೇಳಿದ್ರೆ ಕೇಳ್ತಾರಾ?" ಎಂದರು. ನಾನು ಹೂಂ ಎಂದೆ, ದುಡ್ಡು ಕೊಟ್ಟೆ, ತೋಫುವನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ನಿಮ್ಮ ಕೈ ಹೋಗಿಲ್ಲ, ಕುರಾಮೊಚಿಯವರೇ. ನೀವು ಸುತ್ತಿದ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಎಳೆಯೂ ತಪ್ಪಿಲ್ಲ. ತಪ್ಪಿದ್ದು ನನ್ನ ಕೈ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸ್ಪೀಕರುಗಳ ಅಂಚಿನ ಸ್ಪಂಜು ಹಳೇ ಬಿಸ್ಕತ್ತಿನಂತೆ ಉದುರತೊಡಗಿದ್ದು ನಿಮಗೆ ನೆನಪಿರಬೇಕು. ಹೊಸ ಅಂಚು ತರಿಸಿದ್ದೇ ನೀವು. ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತು ವರ್ಷ ಕಿಮೊನೊಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿದವಳು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅಂಟಿಸಬಲ್ಲೆ ಎಂದು ನೀವಿಬ್ಬರೂ ಹೊಗಳಿ ಅಟ್ಟಕ್ಕೇರಿಸಿದಿರಿ. ಬಲಗಡೆಯದನ್ನು ಇವರು ಟಾರ್ಚು ಹಿಡಿದು ಮಾಡಿಸಿದರು. ಎಡಗಡೆಯದಕ್ಕೆ ಕೂರುವ ದಿನ ಇವರಿಗೆ ರೈಲ್ವೆ ನಿವೃತ್ತರ ಊಟವಿತ್ತು. ನಾನೊಬ್ಬಳೇ ಮುಗಿಸಿ ಬೆರಗುಗೊಳಿಸೋಣ ಎಂದುಕೊಂಡೆ. ದಪ್ಪ ದನಿಯ ಆ ದೊಡ್ಡ ಸ್ಪೀಕರನ್ನು ಪೆಟ್ಟಿಗೆಯಿಂದ ಇಳಿಸಿ, ಅಂಚು ಅಂಟಿಸಿ, ಒಣಗಿಸಿ, ತಂತಿ ಸಿಕ್ಕಿಸಿ, ತಿರುಪು ಬಿಗಿದೆ. ಎರಡು ತಂತಿಗಳಲ್ಲಿ ಒಂದಕ್ಕೆ ಬಿಳಿ ಗೆರೆ. ಅದು ಯಾವ ಕಡೆಗೆ ಎಂದು ಜ್ಞಾಪಕವಿದೆ ಎಂದುಕೊಂಡಿದ್ದೆ.

ಆಮೇಲೆ ಏನಾಯಿತೆಂದು ನಿಮಗೆ ಗೊತ್ತು. ಹಾಡುವವರ ದನಿ ಮೊದಲಿನಂತೆ ಎರಡು ಪೆಟ್ಟಿಗೆಗಳ ನಡುಮಧ್ಯದಿಂದಲೇ ಕೇಳುತ್ತಿತ್ತು, ಪಿಟೀಲು ಸರಿಯಾಗಿತ್ತು, ದಪ್ಪ ತಂತಿಯ ವಾದ್ಯ ಮಾತ್ರ ಹೊಟ್ಟೆಗಿಲ್ಲದವರ ಹಾಗೆ ಬಡಕಲಾಯಿತು. ಇವರು ಸ್ಪೀಕರನ್ನು ಗೋಡೆಗೆ ಒಂದು ಬೆರಳು ಹತ್ತಿರ ತಂದರು, ಎರಡು ಬೆರಳು ದೂರ ಸರಿಸಿದರು. ಪೆಟ್ಟಿಗೆಯ ಕೆಳಗಿಟ್ಟ ಹತ್ತು ಯೆನ್ ನಾಣ್ಯಗಳನ್ನು ತೆಗೆದು ಮರದ ಬಿಲ್ಲೆ ಇಟ್ಟರು, ಮತ್ತೆ ನಾಣ್ಯ ಇಟ್ಟರು. ದನಿ ಹೀರಲೆಂದು ಮೂಲೆಯಲ್ಲಿ ನಿಲ್ಲಿಸಿದ ಹಾಸಿಗೆಗಳನ್ನು ಹೊರಗೆಸೆದರು. ಎಲ್ಲಿ ಮಾರ್ದನಿ ಬರುತ್ತದೆಂದು ಚಪ್ಪಾಳೆ ತಟ್ಟುತ್ತಾ ಕೋಣೆ ಸುತ್ತುತ್ತಿದ್ದರೆ ಪಕ್ಕದ ಮನೆಯವರು ಪೂಜೆಯೇನೋ ಎಂದು ಇಣುಕಿದ್ದೂ ಉಂಟು. ಕೊನೆಗೆ ಅನುಮಾನಕ್ಕೆ ಉಳಿದದ್ದು ನೀವು ಟ್ರಾನ್ಸ್‌ಫಾರ್ಮರ್ ಸುತ್ತಿ ಕಟ್ಟಿಕೊಟ್ಟ ವಾಲ್ವಿನ ಆಂಪ್ಲಿಫೈಯರ್ ಒಂದೇ.

ಪ್ರತಿ ವಾರದಂತೆ ನೀವು ಸಂಗೀತ ಕೇಳಲು ಬಂದಿದ್ದ ನವೆಂಬರಿನ ಆ ಭಾನುವಾರ ನಾನು ಚಹಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಸರದಿಯಂತೆ ನೀವು ಮಧ್ಯದ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ಕೇಳಿ, ಇವರಿಗೆ ಮೆಲ್ಲಗೆ ಹೇಳಿದಿರಿ: "ಒಂದು ಬ್ಯಾಟರಿ ತಗಂಡು ತಂತಿಗೆ ಮುಟ್ಸಿ ನೋಡೋ ಹಗಿವಾರ. ಎರಡೂ ಸ್ಪೀಕರು ಒಂದೇ ಕಡೆ ಉಬ್ತವಾ ಅಂತ. ಒಂದು ಉಸಿರು ಬಿಡೋವಾಗ ಇನ್ನೊಂದು ಎಳ್ಕೊಂಡ್ರೆ ದಪ್ಪ ದನಿ ಮಧ್ಯದಲ್ಲೇ ಸತ್ತೋಗುತ್ತೆ."

ಅಷ್ಟಕ್ಕೇ ಇವರು ಸಿಡಿದೆದ್ದರು. "ಮೂವತ್ತೈದು ವರ್ಷ ರೈಲು ಸಿಗ್ನಲ್ ತಂತಿ ನೋಡ್ಕೊಂಡೋನಿಗೆ ಕೆಂಪು ಯಾವ್ದು ಕಪ್ಪು ಯಾವ್ದು ಅಂತ ಪಾಠ ಹೇಳ್ತೀಯಾ?" ಅಂದರು. ಅಲ್ಲಿಗೆ ನಿಲ್ಲಿಸಬಾರದಿತ್ತೇ? "ನಿನ್ನ ಕೈ ನಡುಗೋಕೆ ಶುರುವಾದ್ಮೇಲೆ ಸುತ್ತಿದ ಟ್ರಾನ್ಸ್‌ಫಾರ್ಮರ್ ತಾನೇ ಇದು? ಮೊದ್ಲು ಅದನ್ನ ನೋಡ್ಕೋ" ಅಂದುಬಿಟ್ಟರು. ನೀವು ಲೋಟ ಕೆಳಗಿಟ್ಟು, ನನಗೆ ತಲೆಬಾಗಿ, ಹೊರಟುಹೋದಿರಿ. ಆವತ್ತಿನಿಂದ ನಮ್ಮ ಮನೆಗೆ ಭಾನುವಾರವೇ ಇಲ್ಲ.

ಅವತ್ತು ನನಗೆ ಏನೂ ಗೊತ್ತಿರಲಿಲ್ಲ, ದಯವಿಟ್ಟು ಇದನ್ನು ನಂಬಿ. ಗೊತ್ತಾದದ್ದು ಫೆಬ್ರವರಿಯಲ್ಲಿ. ಮೊಬೈಲು ತುಂಬಿಹೋಗಿದೆ ಎಂದು ಹಳೆಯ ಫೋಟೋ ಅಳಿಸುತ್ತಾ ಕೂತಿದ್ದೆ. ತಂತಿ ಬಿಚ್ಚುವ ಮುಂಚೆ ತೆಗೆದದ್ದೊಂದು, ಕೆಲಸ ಮುಗಿಸಿ ನನ್ನ ತಂಗಿಗೆ ಜಂಬದಿಂದ ಕಳಿಸಿದ್ದೊಂದು, ಎರಡೂ ಅಕ್ಕಪಕ್ಕದಲ್ಲಿ ಬಂದವು. ಒಂದರಲ್ಲಿ ಬಿಳಿ ಗೆರೆಯ ತಂತಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ನಿಮ್ಮ ಉಸಿರಿನ ಮಾತು ತಕ್ಷಣ ನೆನಪಾಯಿತು.

ಆ ಕ್ಷಣವೇ ಹೇಳಬೇಕಿತ್ತು. ಎಂಟು ತಿಂಗಳು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ? ಹೆದರಿಕೆ ಅಂತ ಬರೆದು ಮುಗಿಸಬಹುದು, ಅರ್ಧ ನಿಜವೂ ಹೌದು. ನನ್ನ ಕೈಗೆಲಸದ ಬಗ್ಗೆ ನನಗಿರುವ ಅಹಂಕಾರ ನಿಮಗೆ ಗೊತ್ತಿಲ್ಲದ್ದೇನಲ್ಲ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ. ಸಂಗೀತ ಕೆಟ್ಟಮೇಲೆ ಇವರು ಆ ಕೋಣೆಯಿಂದ ಹೊರಗೆ ಬಂದರು. ಮದುವೆಯಾಗಿ ನಲವತ್ತೊಂದು ವರ್ಷ. ಸಂಜೆ ಹೊತ್ತು ಅಡುಗೆಮನೆಯ ಮೇಜಿನೆದುರು ಕೂತು, ನಾನು ಬೀನ್ಸ್ ನಾರು ತೆಗೆಯುವುದನ್ನು ನೋಡುತ್ತಾ "ಇದಕ್ಕೆ ಏನ್ ಹಾಕ್ತೀಯಾ?" ಎಂದು ಇವರು ಕೇಳಿದ್ದು ಈ ವರ್ಷವೇ ಮೊದಲು. ತಂತಿ ಸರಿಯಾದರೆ ಮತ್ತೆ ಆ ಬಾಗಿಲು ಮುಚ್ಚಿಕೊಳ್ಳುತ್ತದಲ್ಲ ಎಂದು ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದುಕೊಂಡೇ ದಿನ ದೂಡಿದೆ. ಅದರ ಬೆಲೆ ನೀವು ತೆರುತ್ತಿದ್ದೀರಿ ಎಂದು ನಿನ್ನೆಯವರೆಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಯೋಚಿಸದೆ ತಪ್ಪಿಸಿಕೊಂಡೆ.

ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. ಯಂತ್ರ ಮಾರಬೇಡಿ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು, ನಿಧಾನವಾಗಿ ಯೋಚಿಸಿ. ಇಪ್ಪತ್ತನೇ ತಾರೀಕು ಬರುವವರಿಗೆ ಮಾತ್ರ ಇವತ್ತೇ ಫೋನು ಮಾಡಿ ಬೇಡವೆನ್ನಿ. ಇವರಿಗೆ ನಾನೇ ಎಲ್ಲವನ್ನೂ ಹೇಳುತ್ತೇನೆ. ಕೂಗಾಡಲಿ, ಕೇಳಿಸಿಕೊಳ್ಳುತ್ತೇನೆ.

ತಲೆ ತಗ್ಗಿಸಿ,
ಹಗಿವಾರ ಚಿಜುರು

ತಾ.ಕ.: ಸಹಿ ಹಾಕಿದ ಮೇಲೆ, ತಪ್ಪು ಯಾವ ತಂತಿಯದು ಎಂದು ನಿಮಗೆ ಸರಿಯಾಗಿ ತಿಳಿಸಬೇಕೆನಿಸಿತು. ಇವರು ಕ್ಷೌರಕ್ಕೆ ಹೋಗಿದ್ದರು. ಎಡಗಡೆ ಪೆಟ್ಟಿಗೆಯ ತಿರುಪು ಬಿಚ್ಚಿ ಟಾರ್ಚು ಹಾಕಿದೆ. ಬಿಳಿ ಗೆರೆಯ ತಂತಿ ಇರಬೇಕಾದ ಕಡೆಯೇ ಇತ್ತು! ನನಗೆ ತಲೆ ಕೆಟ್ಟಿತೇ ಎಂದುಕೊಳ್ಳುವಷ್ಟರಲ್ಲಿ ಒಳಗಿನ ಹಲಗೆಯ ಮೇಲೆ ಪೆನ್ಸಿಲಿನ ಬರಹ ಕಂಡಿತು. ರೈಲ್ವೆಯಲ್ಲಿ ಯಾವ ಪೆಟ್ಟಿಗೆ ತೆರೆದರೂ ತಾರೀಕು, ಕೆಲಸ, ಹೆಸರು ಬರೆದೇ ಮುಚ್ಚಬೇಕಂತೆ, ನಮ್ಮ ಅನ್ನದ ಕುಕ್ಕರಿನ ತಳವನ್ನೂ ಬಿಟ್ಟವರಲ್ಲ ಇವರು. "ಮಾರ್ಚ್ 9. ತಂತಿ ಅದಲುಬದಲಾಗಿತ್ತು. ಸರಿಪಡಿಸಿದೆ. ಹಗಿವಾರ."

ಏಳು ತಿಂಗಳು! ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ, ಆಮೇಲೆ ಕೆಂಡದಂಥ ಕೋಪ ಬಂತು. ಇವರು ಒಳಗೆ ಬಂದಾಗ ತಿರುಪುಗಳು ನನ್ನ ಮಡಿಲಲ್ಲೇ ಇದ್ದವು. ಬಿಚ್ಚಿದ ಪೆಟ್ಟಿಗೆಯನ್ನು ನೋಡಿದರು. "ಕುರಾಮೊಚಿಗೆ ಹೇಳ್ಬೇಕಂದ್ರೆ ನಿನ್ನ ಹೆಸ್ರು ಹೇಳ್ಬೇಕಿತ್ತಲ್ಲ ಚಿಜುರು" ಎಂದರು. "ನಿಮ್ ಬಾಯಿಂದ ತಪ್ಪಾಯ್ತು ಅನ್ನೋದು ತಪ್ಪುತ್ತಲ್ಲ, ಅದಕ್ಕೂ ಹೌದಲ್ವಾ?" ಎಂದೆ. ಹೌದೆಂದು ತಲೆಯಾಡಿಸಿದರು. ಸಂಗೀತ ಸರಿಯಾದ ಮೇಲೂ ಅಡುಗೆಮನೆಗೆ ಯಾಕೆ ಬರುತ್ತಿದ್ದಿರಿ ಎಂದು ಕೇಳಿದೆ. "ಒಬ್ನೇ ಕೂತ್ಕೊಂಡು ಏನ್ ಕೇಳೋದು? ಮತ್ತೆ, ಅಲ್ಲಿ ನೀನಿದ್ಯಲ್ಲ" ಎಂದರು. ನೀವು ಯಂತ್ರ ಮಾರುವ ಸುದ್ದಿ ಹೇಳಿದೆ. "ಅಯ್ಯೋ, ನಾನಂದಿದ್ದು ಅವನು ನಂಬಿಬಿಟ್ನಾ?" ಎಂದು ಬಾಗಿಲಿಗೆ ನಡೆದರು.

ಹಾಗಾಗಿ ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಇವರ ಕೈಯಲ್ಲೇ ಕೊಟ್ಟಿದ್ದೇನೆ. ಲಕೋಟೆ ಅಂಟಿಸಿಲ್ಲ, ಬಸ್ಸಿನಲ್ಲಿ ಓದಿಕೊಂಡಿರುತ್ತಾರೆ. ನೀವು ಓದಿ ಮುಗಿಸುವ ತನಕ ನಿಮ್ಮ ಬಾಗಿಲಲ್ಲೇ ನಿಂತಿರಬೇಕೆಂದು ಹೇಳಿ ಕಳಿಸಿದ್ದೇನೆ. ಇವರ ಮೂಗಿನ ತುದಿಯ ಕೋಪ ಇವತ್ತು ಮನೆಯಲ್ಲೇ ಉಳಿದಿದೆ. ಒಳಗೆ ಕರೆಯಿರಿ, ಕುರಾಮೊಚಿಯವರೇ.