ಒಂದು ಕಿವಿಗೆ ಮಾತ್ರ ಹಾಡು

ಬೂಕನಕೆರೆ, ಮಂಗಳವಾರ

ಡಾಕ್ಟ್ರಮ್ಮನವರಿಗೆ ಯಶೋದ ಮಾಡುವ ನಮಸ್ಕಾರ.

ಶುಕ್ರವಾರ ಕಾಪರ್-ಟಿ ತೆಗೆಸಕ್ಕೆ ಬರ್ತೀನಿ. ಆವಾಗ ಕಿವಿಗೆ ಹಾಡು ಹಾಕ್ತೀವಿ, ನೋವು ಭಯ ಎರಡೂ ಕಮ್ಮಿ ಆಯ್ತದೆ ಅಂತ ನಿಮ್ಮ ನರ್ಸು ಸ್ನೇಹ ಅಂದ್ರು. ಯಾವ ಹಾಡು ಇಷ್ಟ ಅಂತಾನೂ ಕೇಳಿದ್ರು. ಇಷ್ಟೊಂದು ಉಪಚಾರ ಯಾಕೆ ಅಂತ ನಂಗೆ ಅನುಮಾನ.

ನಮ್ಮ ಕೊಟ್ಟಿಗೇಲೂ ರೇಡಿಯೋ ಐತೆ. ದನದ ಡಾಕ್ಟ್ರು ಬಂದು ಗಬ್ಬದ ಪರೀಕ್ಷೆಗೆ ಕೈ ಹಾಕೋವಾಗ ಹಸು ಒದೀದಿರ್ಲಿ ಅಂತ ನಾನೇ ಜೋರಾಗಿ ಹಾಕ್ತೀನಿ. ಪಾಪ, ಅದು ಹಾಡು ಕೇಳ್ತಾ ನಿಂತಿರ್ತದೆ.

ಈ ಕಾಪರ್-ಟಿನ ಹೆರಿಗೆ ದಿನ ಬೇರೆ ಆಸ್ಪತ್ರೇಲಿ ನಂಗೆ ಹೇಳ್ದೆ ಹಾಕಿದ್ರು. ಇನ್ನೊಂದು ಮಗು ಯಾಕಾಗ್ನಿಲ್ಲ ಅಂತ ನಾಲ್ಕು ವರ್ಷ ನಮ್ಮತ್ತೆ ಕೈಲಿ ಅನ್ನಿಸ್ಕೊಂಡೆ. ನೀವು ಸ್ಕ್ಯಾನ್ ಮಾಡಿದ ಮೇಲೇ ಗೊತ್ತಾಗಿದ್ದು.

ಅದಕ್ಕೇ ಕೇಳ್ಕತೀನಿ, ಹಾಡು ಒಂದೇ ಕಿವಿಗೆ ಹಾಕ್ಸಿ. ಇನ್ನೊಂದು ಕಿವಿಗೆ ನೀವು ಏನೇನು ಮಾಡ್ತಿದೀರಿ ಅಂತ ಹೇಳ್ತಾ ಇರಿ. ತೆಗೆದದ್ದನ್ನ ನನ್ನ ಕಣ್ಣಿಗೆ ತೋರ್ಸಿ. ಹಾಡು ಯಾವುದಾದ್ರೂ ಆಯ್ತದೆ.

ಇಂತಿ,
ಯಶೋದ

ಬರೆಯೋದು ಮರೆತೆ. ನೆನ್ನೆ ದನದ ಡಾಕ್ಟ್ರು ಬಂದಿದ್ರು. ರೇಡಿಯೋ ಹಾಕಕ್ಕೆ ಕೈ ಬರ್ನಿಲ್ಲ. ಏನು ಮಾಡ್ತಾರೆ ಅಂತ ಹಸುವಿನ ಕಿವೀಲಿ ನಾನೇ ಹೇಳ್ದೆ. ಅದು ಒದೀನಿಲ್ಲ.